85 ಫೋಟೊಗೇ ಬ್ಯಾಟರಿ ಖಾಲಿ: ಕೇದಾರಕ್ಕೆ ಹೊರಟ ಮೇಷ್ಟ್ರಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಊರು ಶಿರಸಿ ಹತ್ತಿರ. ಐದು ವರ್ಷ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡಿದ್ದೇನೆ. ಬ್ಯಾಟರಿ ಮೇಲೆ 1250 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಸುತ್ತದೆ ಎಂಬ ಅಳತೆಯಂತೆ), 3.6 ವೋಲ್ಟ್ ಎಂದಿದೆ. ಒಂದು ಚಾರ್ಜಿಗೆ 260 ಫೋಟೊ ಎಂದು ಅದರ ಕೈಪಿಡಿ ಹೇಳುತ್ತದೆ. ತಂಗಿಯ ಮೊಮ್ಮಗನ ಉಪನಯನದಲ್ಲಿ 85 ಫೋಟೊಗೇ ನಿಂತುಹೋಯಿತು. ಮಾತೃಭಿಕ್ಷೆಯದ್ದು ಒಂದೇ ಒಂದು ಫೋಟೊ ಸಿಗಲಿಲ್ಲ. ಪ್ರತಿ ಸಲ ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು ಎಂದು ಅಳಿಯಂದಿರು ಹೇಳುತ್ತಾರೆ. ಅಂಗಡಿಯವರು 2000 ಎಂಎಎಚ್ ಬ್ಯಾಟರಿ ಕೊಡುತ್ತೇವೆ ಎನ್ನುತ್ತಾರೆ. ಅಕ್ಟೋಬರಿನಲ್ಲಿ ನಾನು, ನನ್ನ ಹೆಂಡತಿ ಕೇದಾರ, ಬದರಿಗೆ ಹೋಗುವವರಿದ್ದೇವೆ. ಅಲ್ಲೂ ಹೀಗೇ ಕೈಕೊಟ್ಟರೆ ಏನು ಮಾಡುವುದು?

ಉತ್ತರ: ಮೇಷ್ಟ್ರೇ, ಮಾತೃಭಿಕ್ಷೆ ತಪ್ಪಿದ್ದು ಬೇಸರದ ವಿಷಯವೇ. ಅದನ್ನು ಇನ್ನೊಮ್ಮೆ ಮಾಡಿಸುವ ಹಾಗಿಲ್ಲ. ಆದರೆ ನೀವು ಬರೆದದ್ದನ್ನು ಓದಿದರೆ ನಿಮ್ಮ ಕ್ಯಾಮೆರಾ ಕೆಟ್ಟಿದೆ ಅಂತ ನನಗೆ ಅನ್ನಿಸುವುದಿಲ್ಲ. ಬ್ಯಾಟರಿಗೆ ಸ್ವಲ್ಪ ವಯಸ್ಸಾಗಿರಬಹುದು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅದು ಗೊತ್ತಾಗಬೇಕಾದರೆ ಆ 260 ಎಲ್ಲಿಂದ ಬಂತು ಎಂದು ನೋಡಬೇಕು.

ಜಪಾನಿನಲ್ಲಿ ಕ್ಯಾಮೆರಾ ಕಂಪನಿಗಳದ್ದೇ ಒಂದು ಸಂಘವಿದೆ, ಸಿಐಪಿಎ ಅಂತ. ಬ್ಯಾಟರಿ ಎಷ್ಟು ಫೋಟೊ ಕೊಡುತ್ತದೆ ಎಂದು ಅಳೆಯುವ ಪದ್ಧತಿಯನ್ನು ಅದು ಗೊತ್ತುಮಾಡಿದೆ. ಕೋಣೆ 23 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಹಿಂದಿನ ಪರದೆ ಬೆಳಗುತ್ತಲೇ ಇರಬೇಕು. 30 ಸೆಕೆಂಡಿಗೆ ಒಂದು ಫೋಟೊ. ಪ್ರತಿ ಫೋಟೊಗೂ ಜೂಮ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕು. ಒಂದು ಬಿಟ್ಟು ಒಂದು ಫೋಟೊಗೆ ಫ್ಲಾಶ್. ಹತ್ತು ಫೋಟೊಗೊಮ್ಮೆ ಆಫ್ ಮಾಡಿ ಮತ್ತೆ ಆನ್. ಹೀಗೆ ಮಾಡುತ್ತಾ ಹೋದರೆ ನಿಮ್ಮ ಕ್ಯಾಮೆರಾ 260ಕ್ಕೆ ನಿಲ್ಲುತ್ತದೆ.

ಈಗ ನಿಮ್ಮ ಪಾಠದ ದಿನಗಳ ಹಾಗೆ ಒಂದು ಸಣ್ಣ ಗುಣಾಕಾರ ಮಾಡೋಣ. 260 ಫೋಟೊ, ಒಂದಕ್ಕೆ 30 ಸೆಕೆಂಡ್. 7800 ಸೆಕೆಂಡ್. ಅಂದರೆ 130 ನಿಮಿಷ, ಎರಡು ಗಂಟೆ ಹತ್ತು ನಿಮಿಷ. ಕೈಪಿಡಿಯಲ್ಲಿ ಇರುವ ನಿಜವಾದ ಲೆಕ್ಕ ಇದು. ನಿಮ್ಮ ಕ್ಯಾಮೆರಾ ಎದ್ದು ಕೂತಿರುವುದೇ ಒಟ್ಟು ಎರಡು ಗಂಟೆ ಚಿಲ್ಲರೆ. ಆ ಹೊತ್ತಿನಲ್ಲಿ ನೀವು 260 ಆದರೂ ತೆಗೆಯಿರಿ, 85 ಆದರೂ ತೆಗೆಯಿರಿ, ಬ್ಯಾಟರಿಗೆ ಅಷ್ಟೇನೂ ವ್ಯತ್ಯಾಸ ಇಲ್ಲ. ಫ್ಲಾಶ್ ಇಲ್ಲದೆ ಒಂದು ಫೋಟೊ ಕ್ಲಿಕ್ಕಿಸುವುದಕ್ಕೆ ತಗಲುವ ಶಕ್ತಿ ಬಹಳ ಕಡಿಮೆ. ಪರದೆ, ಬೆಳಕು ಹಿಡಿಯುವ ಸೆನ್ಸರ್, ಒಳಗಿನ ಚಿಪ್, ಫೋಕಸ್ ಹುಡುಕುವ ಮೋಟರ್, ಇವೆಲ್ಲ ನೀವು ಸುಮ್ನೆ ನಿಂತಿದ್ದಾಗಲೂ ಕೆಲಸ ಮಾಡುತ್ತಲೇ ಇರುತ್ತವೆ.

130 ನಿಮಿಷವನ್ನು 85ರಿಂದ ಭಾಗಿಸಿ. ಒಂದು ಫೋಟೊಗೆ ಒಂದೂವರೆ ನಿಮಿಷ ಬರುತ್ತದೆ. ಉಪನಯನದ ಮನೆಯಲ್ಲಿ ಇದು ಹೇಗೆ ಖರ್ಚಾಯಿತು ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಭಟ್ಟರು ಮಂತ್ರ ಮುಗಿಸಲಿ ಅಂತ ಲೆನ್ಸ್ ಹೊರಗೆ ಚಾಚಿಕೊಂಡೇ ಕಾದಿರುತ್ತೀರಿ. ವಟು ಈ ಕಡೆ ನೋಡಲಿ ಅಂತ ಇನ್ನೊಂದು ನಿಮಿಷ. ತೆಗೆದಾದ ಮೇಲೆ ಅತ್ತೆ, ಚಿಕ್ಕಮ್ಮ, ದೊಡ್ಡಪ್ಪ ಎಲ್ಲ ಸುತ್ತ ನಿಂತು, ‘ಎಲ್ಲಿ, ತೋರ್ಸಿ ನೋಡೋಣ’. ಕ್ಯಾಮೆರಾ ಕೈಯಿಂದ ಕೈಗೆ ಹೋಗಿ ಪೂರ್ತಿ ಚಪ್ಪರ ಸುತ್ತಿ ಬರುತ್ತದೆ. ಮದುವೆ, ಮುಂಜಿಗಳಲ್ಲಿ ಬ್ಯಾಟರಿ ಮುಗಿಸುವವರು ಫೋಟೊ ತೆಗೆಯುವವರಲ್ಲ, ನೋಡುವವರು. ಇಪ್ಪತ್ತು ವರ್ಷ ಕ್ಯಾಮೆರಾ ರಿಪೇರಿ ಮಾಡಿ ನನಗೆ ಗಟ್ಟಿಯಾಗಿ ಗೊತ್ತಾದ ಮಾತು ಇದು.

ಹಾಗಾಗಿ ಫೋಟೊ ಎಣಿಸುವುದನ್ನು ಬಿಡಿ, ನಿಮಿಷ ಎಣಿಸಿ. ಉಳಿದ ಉಪಾಯಗಳೆಲ್ಲ ಇದರ ಮಕ್ಕಳು, ಮೊಮ್ಮಕ್ಕಳು.

ಸೆಟ್ಟಿಂಗ್ ಮೆನುವಿನಲ್ಲಿ ಪವರ್ ಸೇವಿಂಗ್ ಎಂದೋ, ಆಟೊ ಪವರ್ ಆಫ್ ಎಂದೋ ಇರುತ್ತದೆ. ಅದನ್ನು ಒಂದು ನಿಮಿಷಕ್ಕೆ ಇಡಿ. ಪರದೆ ಮಾತ್ರ ಆರುವ ಆಯ್ಕೆ ಬೇರೆ ಇದ್ದರೆ ಅದನ್ನು ಇನ್ನೂ ಕಡಿಮೆಗೆ ಇಡಿ. ಇಕೋ ಮೋಡ್ ಇದ್ದರೆ ಅದನ್ನೂ ಹಾಕಿ. ಕೆಲವು ಸೆಕೆಂಡ್ ಮುಟ್ಟದಿದ್ದರೆ ಪರದೆ ಮಂಕಾಗುತ್ತದೆ, ಮುಟ್ಟಿದರೆ ಮತ್ತೆ ಬೆಳಗುತ್ತದೆ. ಫೋಟೊ ಗುಣಮಟ್ಟಕ್ಕೆ ಇದರಿಂದ ಏನೂ ಆಗುವುದಿಲ್ಲ. ಫೋಟೊ ತೆಗೆದ ಕೂಡಲೇ ಅದನ್ನು ತೋರಿಸುವ ಹೊತ್ತನ್ನು ಎರಡು ಸೆಕೆಂಡಿಗೆ ಇಳಿಸಿ. ಪರದೆಯ ಬೆಳಕು ಮನೆಯೊಳಗೆ ನಡುಮಟ್ಟಕ್ಕಿಂತ ಕೆಳಗೇ ಸಾಕು. ಬಿಸಿಲಿನಲ್ಲಿ ಮಾತ್ರ ಜಾಸ್ತಿ ಮಾಡಿ, ಇಲ್ಲದಿದ್ದರೆ ಏನೂ ಕಾಣಿಸುವುದಿಲ್ಲ.

ಇಲ್ಲಿ ಒಂದು ಗೊಂದಲ ಬರುತ್ತದೆ. ‘ಆನ್, ಆಫ್ ಮಾಡುತ್ತಲೇ ಇದ್ದರೂ ಬ್ಯಾಟರಿ ಹೋಗುತ್ತದಲ್ಲ?’ ಹೋಗುತ್ತದೆ. ಪುಟ್ಟ ಕ್ಯಾಮೆರಾಗಳಲ್ಲಿ ಆನ್ ಮಾಡಿದಾಗಲೆಲ್ಲ ಮೋಟರ್ ಲೆನ್ಸನ್ನು ಹೊರಗೆ ತಳ್ಳಬೇಕು, ಆಫ್ ಮಾಡಿದಾಗ ಒಳಗೆ ಎಳೆದುಕೊಳ್ಳಬೇಕು. ನಾನು ಪಾಲಿಸುವುದು ಹೀಗೆ: ಮುಂದಿನ ಫೋಟೊ ಒಂದು ನಿಮಿಷದೊಳಗೆ ಇದೆ ಎಂದಾದರೆ ಆಫ್ ಮಾಡುವುದಿಲ್ಲ, ಪರದೆ ತಾನಾಗಿ ಆರಲಿ ಎಂದು ಬಿಡುತ್ತೇನೆ. ಅದಕ್ಕಿಂತ ಜಾಸ್ತಿ ಕಾಯಬೇಕಾದರೆ ಆಫ್. ಹಳೆಯ ಫೋಟೊ ನೋಡುವುದಕ್ಕೆ ಪವರ್ ಬಟನ್ ಒತ್ತಬೇಡಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಪ್ಲೇ ಬಟನ್ ಒತ್ತಿದರೆ ಲೆನ್ಸ್ ಹೊರಬರದೆಯೇ ಫೋಟೊ ಕಾಣುತ್ತದೆ.

ಫ್ಲಾಶ್ ವಿಷಯ. ಅದರೊಳಗೆ ವಿದ್ಯುತ್ತನ್ನು ಕೂಡಿಟ್ಟು ಒಮ್ಮೆಲೇ ಬಿಡುವ ಒಂದು ಕೆಪ್ಯಾಸಿಟರ್ ಇದೆ. ನಿಮ್ಮ 3.6 ವೋಲ್ಟಿನ ಬ್ಯಾಟರಿಯಿಂದ ಅದಕ್ಕೆ ಸುಮಾರು 300 ವೋಲ್ಟ್ ತುಂಬಬೇಕು. ಪ್ರತಿ ಸಲ ಮಿಂಚಿದ ಮೇಲೂ ಮತ್ತೆ ತುಂಬಬೇಕು. ಬ್ಯಾಟರಿ ಸೋತಾಗ ಫ್ಲಾಶ್ ಗುರುತು ಮಿಣಕುತ್ತಾ ಕಾಯಿಸುತ್ತದಲ್ಲ, ಆಗ ನಡೆಯುತ್ತಿರುವುದು ಇದೇ. ಪುಟ್ಟ ಕ್ಯಾಮೆರಾದ ಫ್ಲಾಶ್ ಮೂರೋ ನಾಲ್ಕೋ ಮೀಟರ್ ದಾಟಿದರೆ ಕೆಲಸಕ್ಕೆ ಬಾರದು. ಆದರೂ ರಥೋತ್ಸವದ ರಾತ್ರಿ ನೋಡಿ, ನೂರು ಅಡಿ ದೂರದ ತೇರಿಗೆ ಎಲ್ಲರೂ ಫ್ಲಾಶ್ ಹೊಡೆಯುತ್ತಿರುತ್ತಾರೆ. ಬೆಳಕು ಬೀಳುವುದು ಮುಂದೆ ನಿಂತವರ ತಲೆಯ ಮೇಲೆ. ಆಟೊದಲ್ಲಿ ಬಿಡಬೇಡಿ, ಆಫ್ ಮಾಡಿ ಇಟ್ಟುಕೊಳ್ಳಿ, ಬೇಕಾದಾಗ ನೀವೇ ಹಾಕಿ. ಕಂಪನಿಯ ಪರೀಕ್ಷೆಯಲ್ಲಿ ಅರ್ಧ ಫೋಟೊಗಳಿಗೆ ಫ್ಲಾಶ್ ಇತ್ತು ಅಲ್ವಾ? ಹಾಗಾಗಿ ಹಗಲು ಹೊತ್ತು ಫ್ಲಾಶ್ ಇಲ್ಲದೆ ಚುರುಕಾಗಿ ತೆಗೆದರೆ ನೀವು 260ನ್ನು ದಾಟಿಯೂ ಹೋಗಬಹುದು.

ವೈಫೈ, ಬ್ಲೂಟೂತ್ ಎರಡನ್ನೂ ಬಂದ್ ಮಾಡಿ. ಜಿಪಿಎಸ್ ಇರುವ ಕ್ಯಾಮೆರಾ ಆದರೆ ಇನ್ನೂ ಎಚ್ಚರ ಬೇಕು. ದಾರಿ ಗುರುತು ಮಾಡಿಕೊಳ್ಳುವ ಆಯ್ಕೆ ಹಾಕಿದ್ದರೆ ಕೆಲವು ಮಾಡೆಲ್‌ಗಳು ಆಫ್ ಮಾಡಿದ ಮೇಲೂ ಉಪಗ್ರಹ ಹುಡುಕುತ್ತಲೇ ಇರುತ್ತವೆ. ರಾತ್ರಿ ತುಂಬಿಸಿ ಬ್ಯಾಗಿನಲ್ಲಿಟ್ಟದ್ದು ಬೆಳಗ್ಗೆ ಅರ್ಧ ಆಗಿದೆ ಎಂದು ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ಬಟನ್ ಒತ್ತದಿದ್ದರೂ ಸದಾ ಫೋಕಸ್ ಹುಡುಕುವ ಆಯ್ಕೆಯನ್ನೂ ತೆಗೆಯಿರಿ. ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಮಾತ್ರ ಆಫ್ ಮಾಡಬೇಡಿ. ಬ್ಯಾಟರಿ ಉಳಿಸಲು ಅದನ್ನೂ ತೆಗೆಯಿರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಉಳಿಯುವುದು ಸ್ವಲ್ಪ, ಮಸುಕಾಗುವ ಫೋಟೊ ಬಹಳ. ‘ಕ್ಲಿಕ್ಕಿಸುವಾಗ ಮಾತ್ರ’ ಎಂಬ ಆಯ್ಕೆ ಇದ್ದರೆ ಅದನ್ನು ಇಟ್ಟುಕೊಳ್ಳಿ.

ವಿಡಿಯೊ ಬಗ್ಗೆ ನೀವು ಕೇಳಿಲ್ಲ. ಒಂದೇ ಮಾತು ಹೇಳುತ್ತೇನೆ: ವಿಡಿಯೊ ಫೋನಿನಲ್ಲಿ ತೆಗೆಯಿರಿ. ಈಗಿನ ಫೋನುಗಳಲ್ಲಿ 5000 ಎಂಎಎಚ್ ಸಾಮಾನ್ಯ, ನಿಮ್ಮ ಕ್ಯಾಮೆರಾದ ನಾಲ್ಕು ಪಟ್ಟು.

ಇನ್ನು ಅಳಿಯಂದಿರ ಮಾತು. ಅವರು ಹೇಳಿದ್ದು ಒಂದು ಕಾಲಕ್ಕೆ ಸರಿ ಇತ್ತು. ಹಳೆಯ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿಗಳನ್ನು ಅರ್ಧಕ್ಕೇ ಚಾರ್ಜಿಗೆ ಹಾಕುತ್ತಾ ಹೋದರೆ ಅವು ಆ ಅರ್ಧವನ್ನೇ ಅಭ್ಯಾಸ ಮಾಡಿಕೊಳ್ಳುತ್ತವೆ ಎನ್ನುತ್ತಿದ್ದರು. ಅದಕ್ಕೆ ಪೂರ್ತಿ ಖಾಲಿ ಮಾಡುವ ಪದ್ಧತಿ ಬಂತು. 1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ನಿಮ್ಮದೂ ಅದೇ ಜಾತಿ. ಇದಕ್ಕೆ ಆ ಕಾಯಿಲೆ ಇಲ್ಲ. ಮುಕ್ಕಾಲು ಇದ್ದಾಗಲೂ ಚಾರ್ಜಿಗೆ ಹಾಕಬಹುದು. ಪೂರ್ತಿ ಬರಿದು ಮಾಡಿ ತಿಂಗಳುಗಟ್ಟಲೆ ಬಿಡುವುದೇ ಇದಕ್ಕೆ ಕೆಟ್ಟದ್ದು. ವೋಲ್ಟೇಜ್ ತೀರಾ ಕೆಳಗಿಳಿದರೆ ಒಳಗಿನ ರಕ್ಷಣೆಯ ಸರ್ಕ್ಯೂಟ್ ಬಾಗಿಲು ಹಾಕಿಬಿಡುತ್ತದೆ, ಆಮೇಲೆ ಚಾರ್ಜರ್ ಅದನ್ನು ಗುರುತೇ ಹಿಡಿಯುವುದಿಲ್ಲ. ಅಳಿಯಂದಿರಿಗೆ ಹೇಳುವಾಗ ಸ್ವಲ್ಪ ಮೆತ್ತಗೆ ಹೇಳಿ.

ಅಂಗಡಿಯ 2000 ಎಂಎಎಚ್ ಬ್ಯಾಟರಿ ತೆಗೆದುಕೊಳ್ಳಬೇಡಿ. ಹೆಚ್ಚು ಕಡಿಮೆ ನಿಮ್ಮದರಷ್ಟೇ ಗಾತ್ರದ ಬ್ಯಾಟರಿಗಳಲ್ಲಿ ಕ್ಯಾನನ್ ಕಂಪನಿಯ ಎನ್‌ಬಿ-13ಎಲ್ 1250 ಎಂಎಎಚ್, ಸೋನಿಯ ಎನ್‌ಪಿ-ಬಿಎಕ್ಸ್1 1240 ಎಂಎಎಚ್. ಬ್ಯಾಟರಿಯನ್ನೇ ಕಸುಬು ಮಾಡಿಕೊಂಡವರಿಗೆ ಆ ಡಬ್ಬಿಯೊಳಗೆ ಹಿಡಿಸಲು ಆದದ್ದು ಇಷ್ಟು. ಅದೇ ಡಬ್ಬಿಯಲ್ಲಿ ಒಂದೂವರೆ ಪಟ್ಟು ಹಿಡಿಸಿದ್ದೇವೆ ಎಂದರೆ ಸ್ಟಿಕ್ಕರ್ ಮೇಲೆ ಹಿಡಿಸಿದ್ದಾರೆ ಅಂತ ಅರ್ಥ. ಲೀಟರ್ ಕ್ಯಾನಿನಲ್ಲಿ ಒಂದೂವರೆ ಲೀಟರ್ ಹಾಲು ತಂದವರನ್ನು ನೀವು ನಂಬುತ್ತೀರಾ? ಬೇರೆ ಕಂಪನಿಯ ಬ್ಯಾಟರಿಯೇ ಬೇಡ ಎಂದಲ್ಲ. ಹೆಸರಿರುವ, ಸಂಖ್ಯೆಯನ್ನು ಉಬ್ಬಿಸದ ಕಂಪನಿಯದು ಆಗಬಹುದು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು, ಬ್ಯಾಟರಿ ಸುರಕ್ಷತೆಯ ಮಾನಕವಾದ ಐಎಸ್ 16046 ಎಂಬ ಸಂಖ್ಯೆ, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ, ಇವು ಮೇಲೆ ಅಚ್ಚಾಗಿವೆಯಾ ನೋಡಿ. ತಯಾರಾದ ತಿಂಗಳನ್ನೂ ನೋಡಿ. ಅಸಲಿ ಬ್ಯಾಟರಿಯೇ ಆದರೂ ನಾಲ್ಕು ವರ್ಷ ಕಪಾಟಿನಲ್ಲಿ ಕೂತಿದ್ದರೆ ಅದು ಹೊಸದಲ್ಲ.

ಕೊಳ್ಳುವ ಮುಂಚೆ ನಿಮ್ಮದು ಎಷ್ಟು ಗಟ್ಟಿ ಇದೆ ಎಂದು ಮನೆಯಲ್ಲೇ ನೋಡಬಹುದು. ಪೂರ್ತಿ ಚಾರ್ಜ್ ಮಾಡಿ. ಆಟೊ ಪವರ್ ಆಫ್ ಮತ್ತು ಇಕೋ ಎರಡನ್ನೂ ತಾತ್ಕಾಲಿಕವಾಗಿ ತೆಗೆಯಿರಿ. ಫೋಟೊ ತೆಗೆಯುವ ಸ್ಥಿತಿಯಲ್ಲೇ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡಿ. ಎಷ್ಟು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ಎರಡು ಗಂಟೆಯ ಹತ್ತಿರ ಬಂದರೆ ಬ್ಯಾಟರಿ ಚೆನ್ನಾಗಿದೆ, ತಪ್ಪು ಮುಂಜಿ ಮನೆಯವರದ್ದು. ಒಂದು ಗಂಟೆಗೇ ಮಲಗಿದರೆ ಅದಕ್ಕೆ ವಯಸ್ಸಾಗಿದೆ. ಆಟೊ ಆಫ್ ತೆಗೆಯಲು ಬಿಡದ ಕ್ಯಾಮೆರಾ ಆದರೆ ಸ್ಲೈಡ್ ಶೋ ಹಾಕಿಡಿ. ಅದಕ್ಕೆ ಶಕ್ತಿ ಕಡಿಮೆ ಸಾಕು, ಹಾಗಾಗಿ ನಿಮಿಷ ಜಾಸ್ತಿ ಬರುತ್ತದೆ. ಎರಡು ಬ್ಯಾಟರಿ ಹೋಲಿಸಲು ಮಾತ್ರ ಅದು ಸರಿ. ಇನ್ನೊಂದು ಸುಳಿವು: ಮೊದಲಿಗಿಂತ ಬಹಳ ಬೇಗ ಚಾರ್ಜ್ ಆಗುತ್ತಿದೆಯಾ? ಖುಷಿಪಡಬೇಡಿ. ಪಾತ್ರೆ ಸಣ್ಣದಾಗಿದೆ, ಅದಕ್ಕೇ ಬೇಗ ತುಂಬುತ್ತಿದೆ.

ಬ್ಯಾಟರಿಯ ಹಿತ್ತಾಳೆ ಬಣ್ಣದ ಪಟ್ಟಿಗಳನ್ನೂ ನೋಡಿ. ನಿಮ್ಮ ಕಡೆಯ ಮಳೆಗಾಲಕ್ಕೆ ಅದರ ಮೇಲೆ ಒಂದು ತೆಳು ಪೊರೆ ಬಂದಿರುತ್ತದೆ. ಒಣ ಹತ್ತಿ ಬಟ್ಟೆಯಿಂದ ಉಜ್ಜಿದರೆ ಸಾಕು. ಬ್ಯಾಟರಿ ಸ್ವಲ್ಪ ಉಬ್ಬಿದೆ ಅನ್ನಿಸಿದರೆ ಮಾತ್ರ ಉಜ್ಜುವ ಕೆಲಸ ಬೇಡ, ಬಳಸುವುದೂ ಬೇಡ. ಒಮ್ಮೆ ಒಬ್ಬರು ನನ್ನ ಬಳಿ ಕ್ಯಾಮೆರಾ ತಂದಿದ್ದರು. ಒಳಗೆ ಬ್ಯಾಟರಿ ಊದಿಕೊಂಡು ಮುಚ್ಚಳ ತೆಗೆಯಲು ಬಂದಿರಲಿಲ್ಲ. ಅಡುಗೆಮನೆಯ ಚಾಕುವಿನಿಂದ ಮೀಟಿ ನೋಡಿದ್ದರು. ಚಾಕುವಿನ ಗೀರು ಬ್ಯಾಟರಿಯ ಹೊದಿಕೆಯಿಂದ ಒಂದು ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಇನ್ನೂ ಒತ್ತಿದ್ದರೆ ಬೆಂಕಿ ಏಳಬಹುದಿತ್ತು. ಇಂಥದ್ದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಈಗ ಕೇದಾರ. ದೇವಸ್ಥಾನ ಇರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ಅಕ್ಟೋಬರಿನಲ್ಲಿ ರಾತ್ರಿ, ಬೆಳಗಿನ ಜಾವ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ. ಚಳಿಯಲ್ಲಿ ಬ್ಯಾಟರಿ ಯಾಕೆ ಸೋಲುತ್ತದೆ ಎಂದರೆ, ಡಿಸೆಂಬರಿನಲ್ಲಿ ನಿಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೆನಪು ಮಾಡಿಕೊಳ್ಳಿ. ಎಣ್ಣೆ ಒಳಗೆ ಇದೆ, ಆದರೆ ಬಗ್ಗಿಸಿದರೆ ಬೀಳುವುದಿಲ್ಲ. ಬ್ಯಾಟರಿಯಲ್ಲೂ ಲಿಥಿಯಂ ಅಯಾನುಗಳು ದ್ರಾವಣದೊಳಗೆ ಓಡಾಡಬೇಕು. ಚಳಿಗೆ ಅವುಗಳ ಓಟ ನಿಧಾನವಾಗುತ್ತದೆ, ಒಳಗಿನ ತಡೆ ಜಾಸ್ತಿಯಾಗುತ್ತದೆ. ಲೆನ್ಸ್ ಮೋಟರ್ ಒಮ್ಮೆಲೇ ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ಮುಗಿಯಿತು ಎಂದುಕೊಂಡು ಕ್ಯಾಮೆರಾ ಮಲಗುತ್ತದೆ. ನಿಜವಾಗಿ ಮುಗಿದಿರುವುದಿಲ್ಲ.

ಮದ್ದು ಸುಲಭ. ಸ್ವೆಟರಿನ ಒಳಗಿನ ಅಂಗಿ ಜೇಬಿನಲ್ಲಿ, ಮೈಗೆ ತಾಗಿದಂತೆ ಬ್ಯಾಟರಿ ಇಟ್ಟುಕೊಳ್ಳಿ. ಎರಡು ಬ್ಯಾಟರಿ ಇರಲಿ. ಒಂದು ಕ್ಯಾಮೆರಾದಲ್ಲಿ, ಒಂದು ಜೇಬಿನಲ್ಲಿ. ಕ್ಯಾಮೆರಾದ್ದು ಕೈಕೊಟ್ಟಾಗ ಅದಲು ಬದಲು ಮಾಡಿ. ಸತ್ತದ್ದು ಎಂದುಕೊಂಡದ್ದನ್ನು ಅರ್ಧ ಗಂಟೆ ಮೈ ಬಿಸಿಯಲ್ಲಿಟ್ಟು ಮತ್ತೆ ಹಾಕಿ ನೋಡಿ. ಇನ್ನೊಂದಷ್ಟು ಫೋಟೊ ಕೊಡುತ್ತದೆ. ಜೇಬಿನಲ್ಲಿ ಚಿಲ್ಲರೆ, ಬೀಗದ ಕೈ ಜೊತೆಗೆ ಬಿಡಬೇಡಿ, ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ ಮುಚ್ಚಳ ಕಳೆದುಹೋಗಿದ್ದರೆ ಪಟ್ಟಿಗಳ ಮೇಲೆ ಒಂದು ಚೂರು ಟೇಪ್ ಅಂಟಿಸಿ. ರಾತ್ರಿ ಕಂಬಳಿ ಒಳಗೆ ನಿಮ್ಮ ಜೊತೆಗೇ ಮಲಗಿಸಿಕೊಳ್ಳಿ. ಬೆಂಕಿಯ ಹತ್ತಿರ, ಹೀಟರ್ ಮೇಲೆ ಇಡುವುದು ಮಾತ್ರ ಬೇಡ.

ಚಳಿಗೆ ಕೊರೆಯುತ್ತಿರುವ ಬ್ಯಾಟರಿಯನ್ನು ಬಂದ ಕೂಡಲೇ ಚಾರ್ಜಿಗೂ ಹಾಕಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಲೋಹವಾಗಿ ಅಂಟಿಕೊಳ್ಳುತ್ತದೆ, ಆ ನಷ್ಟ ವಾಪಸ್ ಬರುವುದಿಲ್ಲ. ಮೊದಲು ಕೋಣೆಯ ಬಿಸಿಗೆ ಬರಲಿ. ಹಾಗೆಯೇ ಹೊರಗಿನ ಚಳಿಯಿಂದ ಜನ ತುಂಬಿದ ಬೆಚ್ಚನೆ ಕೋಣೆಗೆ ಬರುವಾಗ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅರ್ಧ ಗಂಟೆ ತೆರೆಯಬೇಡಿ. ಬಿಸಿ ಕಾಫಿ ಕುಡಿಯುವಾಗ ಕನ್ನಡಕ ಮಂಜಾಗುತ್ತದಲ್ಲ, ಕ್ಯಾಮೆರಾದೊಳಗೂ ಹಾಗೇ ಆಗುತ್ತದೆ.

ಗೌರಿಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರ್ ದಾರಿ. ನಡೆದು ಹೋಗುವುದಾದರೆ ಪೂರ್ತಿ ಒಂದು ದಿನ. ದಾರಿಯುದ್ದಕ್ಕೂ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು ಆನ್ ಇಟ್ಟರೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ನಿಂತಲ್ಲಿ ಆನ್ ಮಾಡಿ, ಎರಡು ಮೂರು ತೆಗೆದು ಆಫ್ ಮಾಡಿ ಹೊರಡಿ. ತೆಗೆದದ್ದನ್ನು ಅಲ್ಲೇ ನೋಡಬೇಡಿ, ಸಂಜೆ ನೋಡಿದರಾಯಿತು. ಸಂಜೆಯೂ ಬೇಡ, ಊರಿಗೆ ಬಂದು ಟೀವಿಯಲ್ಲಿ ನೋಡಿ ಎನ್ನುವವನು ನಾನು. ಆದರೆ ನಿಮ್ಮ ಮನೆಯವರು ಕೇಳಬೇಕಲ್ಲ! ಬ್ಯಾಟರಿ ಚಿತ್ರದಲ್ಲಿ ಮೂರು ಗೆರೆ ಇದ್ದು ಒಂದಕ್ಕೆ ಇಳಿದರೆ ಮೂರನೇ ಒಂದು ಪಾಲು ಉಳಿದಿದೆ ಎಂದು ತಿಳಿಯಬೇಡಿ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಬಹಳ ಹೊತ್ತು ಹೆಚ್ಚು ಇಳಿಯದೆ ನಿಂತು, ಕೊನೆಗೆ ದಡದಿಂದ ಜಾರಿದ ಹಾಗೆ ಇಳಿಯುತ್ತದೆ. ಕೊನೆಯ ಗೆರೆ ಕಂಡರೆ ದರ್ಶನದ ಸಾಲಿಗೆ ಹೋಗುವ ಮುಂಚೆಯೇ ಬ್ಯಾಟರಿ ಬದಲಿಸಿ.

ಚಾರ್ಜಿಂಗ್‌ಗೆ ಮೇಲೆ ಸಿಗುವ ಕರೆಂಟನ್ನೇ ನಂಬಿ ಹೋಗಬೇಡಿ. ನಿಮ್ಮ ಕ್ಯಾಮೆರಾ ಯುಎಸ್‌ಬಿ ಕೇಬಲ್‌ನಿಂದ ಚಾರ್ಜ್ ಆಗುತ್ತದಾ ನೋಡಿ. ಆಗದಿದ್ದರೆ ಆ ಬ್ಯಾಟರಿಗೆ ಹೊಂದುವ ಯುಎಸ್‌ಬಿ ಚಾರ್ಜರ್ ಸಿಗುತ್ತದೆ. 1250 ಎಂಎಎಚ್ ಅನ್ನು 3.6 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ನಿಮ್ಮ ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿ 4.5 ವ್ಯಾಟ್ ಅವರ್. 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ ಕಾಗದದ ಮೇಲೆ 37 ವ್ಯಾಟ್ ಅವರ್. ತುಂಬಿಸುವಾಗ ಸೋರಿಹೋಗುವುದನ್ನು ಕಳೆದರೂ ನಾಲ್ಕೈದು ಸಲ ತುಂಬಬಹುದು. ಡೆಹ್ರಾಡೂನ್ ತನಕ ವಿಮಾನದಲ್ಲಿ ಹೋಗುವುದಾದರೆ ಹೆಚ್ಚುವರಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಎರಡೂ ಕೈಚೀಲದಲ್ಲೇ ಇರಬೇಕು. ಕೌಂಟರಿನಲ್ಲಿ ಕೊಡುವ ದೊಡ್ಡ ಬ್ಯಾಗಿನಲ್ಲಿ ಬಿಡುವುದಿಲ್ಲ.

ಪೆನ್ ಸೆಲ್ ಹಾಕುವ ಹಳೆಯ ಕ್ಯಾಮೆರಾ ಇರುವವರು ಇದನ್ನು ಓದುತ್ತಿದ್ದರೆ ಅವರಿಗೂ ನಾಲ್ಕು ಮಾತು. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಕ್ಯಾಮೆರಾಗೆ ಏನೇನೂ ಸಾಲದು. ಆಲ್ಕಲೈನ್ ಆದರೂ ಕ್ಯಾಮೆರಾ ಕೇಳುವ ಕರೆಂಟಿಗೆ ಬೇಗ ಸುಸ್ತಾಗುತ್ತದೆ. ಕ್ಯಾಮೆರಾದಲ್ಲಿ ಸತ್ತ ಆಲ್ಕಲೈನ್ ಸೆಲ್ಲನ್ನು ಗಡಿಯಾರಕ್ಕೆ ಹಾಕಿ ನೋಡಿ, ತಿಂಗಳುಗಟ್ಟಲೆ ಓಡುತ್ತದೆ. ರೀಚಾರ್ಜ್ ಆಗುವ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ ತೆಗೆದುಕೊಳ್ಳಿ. ಮೇಲೆ 1.2 ವೋಲ್ಟ್ ಎಂದು ಬರೆದಿದ್ದರೆ ಗಾಬರಿ ಬೇಡ, ಕ್ಯಾಮೆರಾದ ಭಾರಕ್ಕೆ ಅದು ಆಲ್ಕಲೈನ್‌ಗಿಂತ ಚೆನ್ನಾಗಿ ನಿಲ್ಲುತ್ತದೆ. ಮೆನುವಿನಲ್ಲಿ ಸೆಲ್ ಯಾವ ಜಾತಿ ಎಂದು ಕೇಳಿದರೆ ಸರಿಯಾದದ್ದನ್ನು ಆರಿಸಿ, ಇಲ್ಲದಿದ್ದರೆ ಬೇಗನೆ ‘ಖಾಲಿ’ ಎಂದು ತೋರಿಸುತ್ತದೆ.

ಯಾತ್ರೆಯಿಂದ ಬಂದು ಕ್ಯಾಮೆರಾವನ್ನು ಕಪಾಟಿಗೆ ಹಾಕುವಾಗ ಬ್ಯಾಟರಿಯನ್ನು ಹೊರಗೆ ತೆಗೆದು, ಸುಮಾರು ಅರ್ಧ ಚಾರ್ಜ್ ಇರುವಂತೆ ತಂಪಾದ ಜಾಗದಲ್ಲಿ ಇಡಿ. ತುಂಬಿಸಿ ಬಿಸಿ ಜಾಗದಲ್ಲಿ ಇಟ್ಟ ಬ್ಯಾಟರಿಗೆ ಬೇಗ ಮುಪ್ಪು ಬರುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ, ಸ್ವಲ್ಪ ತುಂಬಿಸಿ. ಹೀಗೆ ಹೊರಗೆ ತೆಗೆದಿಟ್ಟರೆ ಕ್ಯಾಮೆರಾದೊಳಗಿನ ಗಡಿಯಾರ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಅದಕ್ಕೆಂದೇ ಇರುವ ಪುಟಾಣಿ ಸೆಲ್ ತುಂಬುವುದು ಈ ದೊಡ್ಡ ಬ್ಯಾಟರಿಯಿಂದಲೇ. ಹಾಗಾಗಿ ಅಕ್ಟೋಬರಿನಲ್ಲಿ ಹೊರಡುವ ಹಿಂದಿನ ದಿನ ತಾರೀಕು, ಸಮಯ ಸರಿ ಇದೆಯಾ ಎಂದು ಒಮ್ಮೆ ನೋಡಿಕೊಳ್ಳಿ. ಇಲ್ಲದಿದ್ದರೆ ಕೇದಾರನಾಥನ ಫೋಟೊಗಳ ಮೇಲೆಲ್ಲ ಯಾವುದೋ ಹಳೆಯ ಜನವರಿ 1 ಎಂದು ಕೂತಿರುತ್ತದೆ.